ಬಾಲ ಆಡಿಸಿದರೆ ಸಂತೋಷವಂತೆ

ಮಗನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಕೂಸು ನನ್ನ ಮೊಮ್ಮಗಳು. ಬೆಳಿಗ್ಗೆ ಎದ್ದು ಅವಳು ನನ್ನ ಮೂಗುಬೊಟ್ಟು ಹಿಡಿದೆಳೆದರೆ ಸಾಕು, ಆ ದಿನ ನನಗೆ ಕಾಫಿಯೂ ಬೇಡ. ಇಷ್ಟು ಸಂತೋಷ ಇರುವವಳಿಗೆ ಸಿಟ್ಟೇಕೆ ಅನ್ನಬಹುದು. ಸಂತೋಷ ಇರುವುದಕ್ಕೇ ಸಿಟ್ಟು. ಆ ಮುಖಕ್ಕೆ ಒಂದು ಗೀರು ಬಿದ್ದಿದ್ದರೆ ನಾನು ಯಾರನ್ನೂ ಬಿಡುತ್ತಿರಲಿಲ್ಲ.

ಕೂಸು ಹುಟ್ಟಿದಾಗ ತೀರಾ ಸಣ್ಣದಿತ್ತು. ಪೋತ್ತನೂರಿನಲ್ಲಿರುವ ನನ್ನ ಗಂಡನ ಅಕ್ಕ ಆಗ ಭೈರವನಿಗೆ ಹರಕೆ ಹೊತ್ತರು. ಕೂಸು ಓಡಾಡುವಂತಾದರೆ ಅದರ ಕೈಯಿಂದಲೇ ನಾಯಿಗೆ ಮೊಸರನ್ನ ತಿನ್ನಿಸುವುದು. ನಾಯಿ ಅವನ ವಾಹನವಲ್ಲವೇ. ಹರಕೆಯ ಮೇಲೆ ನನಗೆ ಸಿಟ್ಟಿಲ್ಲ. ತೀರಿಸಿದ ರೀತಿಯ ಮೇಲೆ ಸಿಟ್ಟು.

ನಮ್ಮ ಮನೆ ಪಲ್ಲಡಂ ಕಡೆ, ಪವರ್‌ಲೂಮ್ ಶೆಡ್ಡಿನ ಹಿಂದೆ. ಅಷ್ಟಮಿಯ ದಿನ ಅತ್ತಿಗೆ ಶೆಡ್ಡಿನ ನಾಯಿಯನ್ನು ನಮ್ಮ ಕಿಟಕಿಯ ಸರಳಿಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿಸಿದರು. ಬಿಟ್ಟರೆ ಎದ್ದು ಹೋಗುತ್ತದೆ ಅಂತ. ಯಾಕೆ ಎದ್ದು ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ.

ಶೆಡ್ಡಿನೊಳಗೆ ಮಗ್ಗ ಓಡುವಾಗ ಪಕ್ಕದಲ್ಲಿದ್ದವರು ಬೈದರೂ ಕೇಳುವುದಿಲ್ಲ. ಅಲ್ಲಿ ನೂಲು ಸುತ್ತಿ ಹಣ್ಣಾದ ನಾನು ಎದುರಿನವರ ಮುಖ ನೋಡಿ, ಕೈ ನೋಡಿ ಮಾತು ತಿಳಿದುಕೊಂಡವಳು. ಶೆಡ್ಡಿನ ಬಾಗಿಲಲ್ಲಿ ಮಲಗುವ ನಾಯಿಯನ್ನೂ ಹಾಗೇ ನೋಡಿಯೇ ದಾಟುತ್ತಿದ್ದೆ. ಅದು ಗುರ್ ಅಂದರೂ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಆ ದಿನವೂ ಮಗ್ಗ ಓಡುತ್ತಿದ್ದವು; ನಮ್ಮ ಅಂಗಳದಲ್ಲೂ ಕೂಗಿಯೇ ಮಾತಾಡಬೇಕಿತ್ತು.

“ಬಾ ಕಣ್ಣು, ಸಾಮಿಗೆ ಊಟ ಕೊಡು” ಅಂತ ಅತ್ತಿಗೆ ಕೂಸಿನ ಮುಷ್ಟಿಗೆ ಮೊಸರನ್ನ ತುಂಬಿದರು. ಸೊಸೆ ಫೋನು ಎತ್ತಿಕೊಂಡಳು.

ನಾಯಿ ಮುಖವನ್ನು ಗೋಡೆಯ ಕಡೆ ತಿರುಗಿಸಿತು. ಅನ್ನ ಹತ್ತಿರ ಬರುವ ಮೊದಲೇ ಮೂಗು ನೆಕ್ಕಿಕೊಂಡಿತು. ಆಮೇಲೆ ಆಕಳಿಸಿತು.

“ಪಾಪ, ನಿದ್ದೆ ಅದಕ್ಕೆ” ಅಂದರು ಅತ್ತಿಗೆ.

“ನಿದ್ದೆ ಅಲ್ಲ ಅತ್ಗೆ. ಅದಕ್ಕೆ ಬ್ಯಾಡ. ಬಿಟ್ಬುಡಿ.”

“ಬಾಲ ಆಡಿಸ್ತೈತಲ್ಲ, ಕಾಣಲ್ವಾ ನಿಂಗೆ? ಸಂತೋಷವಾಗೈತೆ.”

ಸಂತೋಷವಾದರೆ ಆ ನಾಯಿಗೆ ಸೊಂಟವೆಲ್ಲ ಕುಣಿಯುತ್ತದೆ. ಈಗ ಬಾಲ ಕೋಲಿನ ಹಾಗೆ ಮೇಲೆ ನಿಂತು, ತುದಿ ಮಾತ್ರ ನಡುಗುತ್ತಿತ್ತು. ಬೆನ್ನಿನ ಕೂದಲು ಎದ್ದಿತ್ತು. ಅತ್ತಿಗೆ ಕೂಸಿನ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದರು. ನಾಯಿ ಬಾಯಿ ಮುಚ್ಚಿ, ಅಲ್ಲಾಡದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿತು. ನಾನು ಕೂಸನ್ನು ಕಿತ್ತು ಸೊಂಟಕ್ಕೆ ಹಾಕಿಕೊಂಡೆ. ಕೂಸು ಅತ್ತಿತು.

“ನಿಂಗೇನು ಬಂತು? ಬೊಗಳ್ಲಿಲ್ಲ, ಉರುಮ್ಲಿಲ್ಲ, ಸುಮ್ನೆ ನಿಂತಿತ್ತು. ಹರ್ಕೆ ಕೆಡಿಸ್ಬುಟ್ಟೆ” ಅಂದರು ಅತ್ತಿಗೆ.

“ವೀಡಿಯೋ ಚೆನ್ನಾಗಿ ಬರ್ತಿತ್ತು ಅತ್ತೆ” ಅಂದಳು ಸೊಸೆ. ವೀಡಿಯೋ ಅಂತೆ.

“ಸುಮ್ನೆ ನಿಂತಿದ್ದಕ್ಕೇ ಎತ್ಕೊಂಡೆ” ಅಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ನಿಂತವು. ಆಗ ಎಲ್ಲರಿಗೂ ಕೇಳಿತು. ಹೊಟ್ಟೆಯೊಳಗಿಂದ, ಒರಳು ತಿರುಗಿದ ಹಾಗೆ, ಬಿಡದೆ ಗುರುಗುಟ್ಟುತ್ತಿತ್ತು ನಾಯಿ. ಯಾವಾಗ ಶುರು ಮಾಡಿತ್ತೋ. ಸೊಸೆ ಫೋನು ಕೆಳಗಿಳಿಸಿದಳು.

ಅತ್ತಿಗೆ ಹಿಂದೆ ಸರಿದು ಪೊರಕೆ ಎತ್ತಿಕೊಂಡರು. “ಊಟ ಕೊಡೋ ಕೈಗೇ ಉರುಮ್ತೀಯಾ?”

ನನಗೆ ತಡೆಯಲಾಗಲಿಲ್ಲ. “ಮುಖ ತಿರುಗಿಸಿ ಹೇಳ್ತು, ಮೈ ಬಿಗಿದು ಹೇಳ್ತು. ಹೋಗೋಣ ಅಂದ್ರೆ ಸರಪಳಿ. ಇನ್ನೆಂಗೆ ಹೇಳ್ಬೇಕು ಅದು? ಗುರ್ ಅಂದಿದ್ದಕ್ಕೆ ಹೊಡೆದ್ರೆ ನಾಳೆ ಗುರ್ ಅನ್ನದೆ ಕಚ್ತದೆ. ಆಗ ಯಾರ ಮನೆ ಕೂಸು ಅತ್ಗೆ?”

ಅತ್ತಿಗೆ ಹೊಡೆಯಲಿಲ್ಲ. ಪೊರಕೆಯನ್ನೂ ಕೆಳಗಿಡಲಿಲ್ಲ.

ಕರೆಂಟು ಹೋದದ್ದಕ್ಕೆ ಹೊರಗೆ ಬಂದ ಶೆಡ್ಡಿನ ಯಜಮಾನರಿಗೆ ಹೇಳಿ, ನಾವೆಲ್ಲ ದೂರ ನಿಂತು, ಅವರ ಕೈಯಿಂದಲೇ ಸರಪಳಿ ಬಿಚ್ಚಿಸಿದೆ. ನಾಯಿ ಒಮ್ಮೆ ಮೈ ಕೊಡವಿ ಹೊಂಗೆ ಮರದ ಕೆಳಗೆ ಹೋಯಿತು. ಕೂಸಿನ ಕೈಯಿಂದಲೇ ಬಾಳೆಲೆಗೆ ಅನ್ನ ಹಾಕಿಸಿ, ಅದನ್ನು ಅಂಗಳದಲ್ಲಿಟ್ಟು ಜಗಲಿಗೆ ಬಂದೆವು. ಸ್ವಲ್ಪ ಹೊತ್ತಿಗೆ ನಾಯಿ ತಾನೇ ಬಂದು ತಿಂದಿತು, ಸೊಂಟ ಕುಣಿಸಿಕೊಂಡು. ಕೂಸು ಚಪ್ಪಾಳೆ ತಟ್ಟಿ “ಮತ್ತೆ, ಮತ್ತೆ” ಅಂದಿತು. ಆ ನಗು ನೋಡಿ ನನಗೆ ಕಣ್ಣು ತುಂಬಿತು.

“ಕೈಯಿಂದ ತಿನ್ಲಿಲ್ವಲ್ಲ. ಸಾಮಿ ಒಪ್ತಾರಾ?” ಅಂದರು ಅತ್ತಿಗೆ.

“ಕೂಸಿನ ಮುಖ ಇದ್ದಂಗೇ ಐತೆ. ಒಪ್ಪವ್ರೆ.”

ಸಂಜೆ ಊರಿಗೆ ಹೋಗಲು ಉಕ್ಕಡಂ ಬಸ್ಸಿಗೆ ಹೊರಟ ಅತ್ತಿಗೆ, ಮುತ್ತಿಡಲು ಕೂಸಿನ ಕೆನ್ನೆಗೆ ಕೈ ಚಾಚಿದರು. ನನ್ನ ಸೊಂಟದ ಮೇಲೆ ಮೊಸರನ್ನ ತಿನ್ನುತ್ತಿದ್ದ ಕೂಸು ಮುಖವನ್ನು ನನ್ನ ಕುತ್ತಿಗೆಗೆ ತಿರುಗಿಸಿ ಮೈ ಬಿಗಿ ಮಾಡಿತು. ಬೇರೆ ದಿನವಾಗಿದ್ದರೆ ನಗುತ್ತಾ ಎಳೆದುಕೊಳ್ಳುತ್ತಿದ್ದರು. ಆ ದಿನ ಅವರ ಕೈ ಅರ್ಧಕ್ಕೇ ನಿಂತಿತು.

“ಈಗ ಬ್ಯಾಡವಂತೆ” ಅಂದು ಬಗ್ಗಿ ಚಪ್ಪಲಿ ಹುಡುಕಿದರು.

ಅವರು ಬಗ್ಗಿದ್ದನ್ನು ನೋಡಿ ಕೂಸು ತಾನೇ ತಿರುಗಿ, ಮೊಸರನ್ನದ ಮುಷ್ಟಿಯನ್ನು ಅತ್ತಿಗೆಯ ಬಾಯಿಗೆ ಹಿಡಿಯಿತು. ಅತ್ತಿಗೆ ತಿಂದರು.

“ಹರ್ಕೆ ಈಗ ತೀರ್ತು ಅನ್ಬ್ಯಾಡ. ನಿನ್ ಬಾಯಿ ಗೊತ್ತು ನಂಗೆ” ಅಂದರು ನನಗೆ.

ಅನ್ನಲಿಲ್ಲ. ಅವರು ಬೀದಿ ತಿರುಗುವವರೆಗೂ ನಗು ಹಿಡಿದುಕೊಂಡಿದ್ದೆ.