ತಮ್ಮ ಬಂದೂಕಿಲ್ಲದೆ ಕಾಡಿಗೆ ಹೋದಾಗ

ಬಂಡುಕೋರರ ನಾಯಕ ದೂರದ ಕಾಡಿನಲ್ಲಿ ಸೆರೆಸಿಕ್ಕ ಸುದ್ದಿ ಟಿವಿಯಲ್ಲಿ ಬಂದಾಗ ಬ್ಯಾಡಗಿಯ ನಮ್ಮ ಓಣಿಯವರು ಪೇಢೆ ಹಂಚಿದರು. ಅವನನ್ನು ಹಿಡಿದ ತುಕಡಿಯಲ್ಲಿ ನನ್ನ ತಮ್ಮನಿದ್ದ. ಅವ್ವ ಮಾತ್ರ ಪೇಢೆ ಮುಟ್ಟಲಿಲ್ಲ.

"ಅವನ ಮಂದಿ ಸುಮ್ನ ಬಿಡ್ತಾರೇನ? ಸೇಡು ಯಾರ ಮ್ಯಾಲೆ ತೀರಿಸ್ಕೋತಾರ?" ಅಂದಳು.

ಎಂಟು ದಿನ ತಮ್ಮನ ಫೋನ್ ಹತ್ತಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಾಗ ಮನೆ ಮುಂದೆ ಬೈಕ್ ನಿಂತರೆ ಸಾಕು, ಕೆಟ್ಟ ಸುದ್ದಿ ತಂದರೇನೋ ಎಂದು ಬಾಗಿಲಿಗೆ ಓಡುತ್ತಿದ್ದೆ.

ಒಂಬತ್ತನೇ ದಿನ ಅವನೇ ಫೋನ್ ಮಾಡಿದ. "ಅಕ್ಕಾ, ಶಾಂತಿ ಮಾತುಕತಿ ಶುರು ಆಗೇತಿ. ಸಂಧಾನದವರ ಜೋಡಿ ಕಾಡಿಗೆ ಹೊಂಟೇನಿ. ಬಂದೂಕು ಒಯ್ಯಂಗಿಲ್ಲ."

"ನೀನ ಯಾಕ?"

"ನಾಯಕನ ಕಾವಲಿಗೆ ನಾನ ಇದ್ದೆ. ತನ್ನವರಿಗೆ ಪತ್ರ ಬರದು, ನೀನ ಮುಟ್ಟಿಸು ಅಂದಾನ. ಬರದದ್ದನ್ನ ಹರದು ಎರಡು ಸಲ ಮತ್ತ ಬರದ."

ಅವ್ವನಿಗೆ ಬಂದೂಕಿನ ವಿಷಯ ಹೇಳದೆ ಮೂರು ದಿನ ಒಬ್ಬಳೇ ಅಂಜಿಕೆ ನುಂಗಿಕೊಂಡೆ. ನಾಲ್ಕನೇ ದಿನ, ಗುಂಡು ಹಾರಿಸುವುದನ್ನು ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದರೆಂದು ಸುದ್ದಿ ಬಂತು. ಸಂಜೆ ತಮ್ಮ "ಹೊಳ್ಳಿ ಬಂದೇನಿ" ಎಂದು ಫೋನ್ ಮಾಡಿದ.

ಅವ್ವ ಫೋನ್ ಕಸಿದುಕೊಂಡು "ಉಂಡೀಯಿಲ್ಲೋ?" ಎಂದು ಕೇಳಿದಳು. ನಾನು ಮೆಣಸಿನಕಾಯಿ ಬುಟ್ಟಿ ಎಳೆದುಕೊಂಡು ಮತ್ತೆ ತೊಟ್ಟು ಬಿಡಿಸಲು ಕೂತೆ.