ಕುಡಿಯದ ಹಾಲೇಶನ ಲಿವರ್

ಕಂಪ್ಲಿಯ ಹಾಲೇಶ್ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಊರಿನ ಪಾಲಿಗೆ ಅವನು ಕುಡುಕ. ಈ ಪದವಿಯನ್ನು ಅವನೇ ಸಂಪಾದಿಸಿಕೊಂಡದ್ದು.

ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮದ್ಯದಂಗಡಿ ವಿರೋಧಿ ಸಮಿತಿಯಲ್ಲಿ ಮುಂದಿನ ಕುರ್ಚಿ. ಇಂಥವನ ರಕ್ತದಲ್ಲಿ ಎಚ್‌ಐವಿ ಸಿಕ್ಕಿತು. ಹೇಗೆ ಬಂತೆಂಬುದು ಮಾತ್ರೆಗೆ ಬೇಕಿರಲಿಲ್ಲ, ಊರಿಗೆ ಬೇಕಾಗುತ್ತಿತ್ತು. ಅದಕ್ಕೇ ಅವನು ಯಾರಿಗೂ ಹೇಳದೆ, ಹೊಸಪೇಟೆ ಆಸ್ಪತ್ರೆಯಿಂದ ಮಾತ್ರೆ ತಂದು ದಿನಾ ನುಂಗುತ್ತ ಗಟ್ಟಿಮುಟ್ಟಾಗಿದ್ದ.

ಒಮ್ಮೆ ಪಕ್ಕದ ಮನೆಯ ರೇಣುಕಮ್ಮ ಆಸ್ಪತ್ರೆಯಲ್ಲಿ ಎದುರಾದಳು. "ಏನಾತ್ರಿ ಹಾಲೇಶಣ್ಣ?" ಎಂದಾಗ ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು "ಲಿವರ್". ಶುಗರ್ ಎಂದಿದ್ದರೆ ಅರ್ಧ ಊರು ತನ್ನದೂ ಅದೇ ಎಂದು ಅಪ್ಪಿಕೊಳ್ಳುತ್ತಿತ್ತು. ಲಿವರ್ ಎಂದರೆ ನಮ್ಮ ಕಡೆ ಒಂದೇ ಅರ್ಥ.

ಅವನು ಬಸ್ಸಿಳಿಯುವ ಮೊದಲೇ ಸುದ್ದಿ ಇಳಿದಿತ್ತು. ಸಮಿತಿಯವರು ಬಂದು, "ನೀವು ಸ್ವಲ್ಪ ರೆಸ್ಟ್ ತಗೊಳ್ರಿ" ಎಂದು ಕುರ್ಚಿ ಬಿಡಿಸಿದರು. ಬಿಡಿಸಿದವರ ಬಾಯೇ ಘಮ್ಮೆನ್ನುತ್ತಿತ್ತು. ಹಾಲೇಶನಿಗೆ ಹೊಟ್ಟೆ ಉರಿದರೂ ಒಳಗೊಳಗೇ ನೆಮ್ಮದಿ. ಕುಡುಕನನ್ನು ಊರು ಬೈಯುತ್ತದೆ, ಆದರೆ ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕುಡಿಸುತ್ತದೆ.

ನೆಮ್ಮದಿ ಹೋದದ್ದು ಮನೆಯಲ್ಲಿ ಅವನ ಜೊತೆಗಿದ್ದ ಅಕ್ಕ ಹಂಪಮ್ಮನಿಗೆ. ತಮ್ಮನ ಬಾಯಿ ಮೂಸಿದಳು, ಅಂಗಡಿ ತಡಕಾಡಿದಳು. ಎಲ್ಲೂ ಬಾಟಲಿ ಸಿಗಲಿಲ್ಲ. ಹಾಗಾದರೆ ಇವನು ಪಳಗಿದ ಕುಡುಕನೇ ಎಂದು ತೀರ್ಮಾನಿಸಿದಳು.

ಮುಂದಿನ ರಕ್ತಪರೀಕ್ಷೆಯಲ್ಲಿ ಲಿವರ್ ನಿಜಕ್ಕೂ ಕೆಟ್ಟಿತ್ತು.

"ಕುಡೀತೀರೇನು?" ಎಂದರು ಡಾಕ್ಟರ್ ದೇವಿಕಾ.

"ದೇವರಾಣಿ ಇಲ್ರಿ ಮೇಡಂ."

"ಎಲ್ಲಾರೂ ಹಂಗ ಅಂತಾರ."

ಅವನ ಸುಳ್ಳನ್ನು ಇಡೀ ಊರು ನಂಬಿತ್ತು. ನಿಜ ಹೇಳಬಹುದಾದ ಒಂದೇ ಜಾಗದಲ್ಲಿ ನಂಬುವವರಿಲ್ಲ.

"ನಾಟಿ ಔಷಧಿ, ಪುಡಿ ಏನರ ತಗೊಂತೀರೇನು? ಲಿವರಿನ ಅಂಕಿ ಹಿಂಗ ಏರಿದ್ರ ಈ ಮಾತ್ರಿ ನಿಲ್ಲಿಸಬೇಕಾಗತೈತಿ ನೋಡ್ರಿ."

ಹಾಲೇಶನ ಜೀವ ನಿಂತದ್ದೇ ಆ ಮಾತ್ರೆಯ ಮೇಲೆ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಅಕ್ಕ ಅವನ ಮಜ್ಜಿಗೆಗೆ ಏನೋ ಪುಡಿ ಸುರಿಯುತ್ತಿದ್ದಳು.

"ಏನಕ್ಕ ಅದು?"

ಹಂಪಮ್ಮ ಬೆಚ್ಚಿದಳು. "ಕುಡಿತ ಬಿಡಿಸೋ ಪುಡಿನಪ್ಪ. ಸಂಡೂರಾಗ ಒಬ್ಬರು ಕೊಡ್ತಾರ. ನಿನಗ ಗೊತ್ತಾಗದಂಗ ಹಾಕ್ಬೇಕಂತ. ನನಗ ನೀನೊಬ್ಬನ ಇರೋದು, ಏನ್ಮಾಡ್ಲಿ?"

ಹಾಲೇಶ್ ಅಲ್ಲೇ ಕುಳಿತು ಎಲ್ಲವನ್ನೂ ಹೇಳಿಬಿಟ್ಟ. ಅಕ್ಕ ಎದ್ದು ದೂರ ಹೋಗುತ್ತಾಳೆಂದುಕೊಂಡಿದ್ದ. ಅವಳು ಹತ್ತಿರ ಬಂದು ಅವನ ತಲೆ ಹಿಡಿದುಕೊಂಡು, "ನನ್ನ ಕೈಯಾರೆ ನಿನಗ ವಿಷ ಹಾಕಿದ್ನಲ್ಲೋ" ಎಂದು ಅತ್ತಳು.

ಪುಡಿ ಬಚ್ಚಲು ಸೇರಿತು. ಕೆಲವು ತಿಂಗಳಲ್ಲಿ ಲಿವರ್ ಹದಕ್ಕೆ ಬಂತು, ಮಾತ್ರೆ ಉಳಿಯಿತು, ಮುಖಕ್ಕೆ ಕಳೆ ಬಂತು. ಹಾಲೇಶ್ ಕುಡಿತ ಬಿಟ್ಟನಂತೆ ಎಂದು ಊರು ಮೆಚ್ಚಿತು. ಸಮಿತಿಯವರು ಮತ್ತೆ ಕುರ್ಚಿ ಹಾಕುವ ಮಾತಾಡಿದರು. ಹಾಲೇಶ್ ಹೊಸ ಬಿಳಿ ಅಂಗಿಯನ್ನೂ ಹೊಲಿಸಿದ.

ಆಗ ರೇಣುಕಮ್ಮ ಬಂದಳು. ಅವಳ ಗಂಡ ನಿಜವಾದ ಕುಡುಕ, ಕಣ್ಣು ಹಳದಿಯಾಗಿತ್ತು.

"ಹಂಪಕ್ಕ, ಹಾಲೇಶಣ್ಣಗ ಹಾಕ್ತೀನಿ ಅಂದಿದ್ರಲ್ಲ, ಆ ಕುಡಿತ ಬಿಡಿಸೋ ಪುಡಿ ಎಲ್ಲಿ ಸಿಗತೈತಿ ಹೇಳ್ರಿ. ನಮ್ಮನಿಯವರಿಗೂ ಹಾಕ್ತೀನಿ."

"ಬ್ಯಾಡವ್ವ, ಅದು ಲಿವರ್ ಕೆಡಸತೈತಿ."

"ಹಂಗಾದ್ರ ಹಾಲೇಶಣ್ಣಗ ಹೆಂಗ ಚಲೋ ಆತು?"

ಹಂಪಮ್ಮ ನಿಜ ಹೇಳಿದರೆ ತಮ್ಮನ ಗುಟ್ಟು ಬಯಲು. ಸುಮ್ಮನಿದ್ದರೆ ಪಕ್ಕದ ಮನೆಯವನ ಜೀವಕ್ಕೆ ಸಂಚಕಾರ.

ಒಳಗಿದ್ದ ಹಾಲೇಶ್ ಎಲ್ಲವನ್ನೂ ಕೇಳಿಸಿಕೊಂಡ. ಹೊಸ ಅಂಗಿಯ ಗುಂಡಿ ಬಿಚ್ಚಿ, ಕೂದಲು ಕೆದರಿಕೊಂಡು, ಗೋಡೆ ಹಿಡಿದು ತೂರಾಡುತ್ತ ಹೊರಬಂದ. "ಯಾವನಲೇ ಅವನು... ನಾನು ಬಿಟ್ಟೀನಿ ಅಂದವನು?" ಎಂದು ತೊದಲಿ ಹೊಸ್ತಿಲ ಮೇಲೆ ದೊಪ್ಪನೆ ಕುಸಿದ.

ಹಂಪಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಹಣೆ ಬಡಿದುಕೊಂಡಳು. "ನೋಡಿದಿಲ್ಲ? ಪುಡಿಯಿಂದ ಏನೂ ಆಗಂಗಿಲ್ಲ. ಗಂಡನ್ನ ಜಲ್ದಿ ದವಾಖಾನಿಗೆ ಕರ್ಕೊಂಡು ಹೋಗವ್ವ!" ಎನ್ನುವಾಗ ಅವಳ ಕಣ್ಣಲ್ಲಿ ನಿಜವಾದ ನೀರಿತ್ತು.

ಇಲ್ಲದ ವಾಸನೆಗೆ ರೇಣುಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಗಂಡನನ್ನು ಕರೆದುಕೊಂಡು ಹೊಸಪೇಟೆ ಬಸ್ ಹತ್ತಿದಳು.