ಹಿಡಿಕೆ ಕೀಳಲೊಲ್ಲೆ ಎಂದ ಸಪನಾ

ಚಿಕ್ಕೋಡಿ ತಾಲ್ಲೂಕಿನ ಏಕಸಂಬಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಗಮಣ್ಣ ಅವರ ಹೊಸ ಮನೆಯ ಹಿತ್ತಿಲ ಬಾಗಿಲ ಮುಂದೆ ಸಪನಾ ಶಿಂಗೆ ಮೊಣಕಾಲೂರಿ ಕೂತಿದ್ದಾರೆ. ಹಣೆಗೆ ಕಟ್ಟಿಕೊಂಡ ಸಣ್ಣ ಬ್ಯಾಟರಿಯ ಬೆಳಕು ಬಾಗಿಲ ಅಂಚಿಗೆ ಬಿದ್ದಿದೆ. ಎರಡು ಪದರ ಗಾಜಿನ, ಹೊರಗಿನ ಸದ್ದನ್ನು ಒಳಗೆ ಬಿಡದ ದುಬಾರಿ ಬಾಗಿಲು ಅದು. ನಿನ್ನೆ ಸಂಜೆ ಮುಚ್ಚಿದ್ದು ಈಗ ತೆರೆಯಲೊಲ್ಲದು. ಹಿಡಿಕೆ ಮೇಲೆತ್ತಿದರೂ ಕೆಳಗೊತ್ತಿದರೂ ಸುಮ್ಮನೆ ತಿರುಗುತ್ತದೆ, ಒಳಗಿನ ಕೊಂಡಿ ಮಾತ್ರ ಬಿಡುವುದಿಲ್ಲ. ಆಚೆ ಕೊಟ್ಟಿಗೆಯಲ್ಲಿ ಎಮ್ಮೆ ಒದರುತ್ತಿದೆ. ಲಗಮಣ್ಣ ಅವರ ಹೆಂಡತಿ ಗೌರಾಬಾಯಿ ಹಾಲಿನ ಚರಿಗೆ ಹಿಡಿದು, ಮನೆಯನ್ನೆಲ್ಲ ಸುತ್ತು ಹಾಕಿ ಹೋಗಬೇಕಲ್ಲ ಎಂದು ಗೊಣಗುತ್ತಿದ್ದಾರೆ.

"ದುಕಾನದಾವಗ ಫೋನ್ ಹಚ್ಚಿದ್ನಿ. ಇಡೀ ಬಾಗಲಾನ ಬದಲಿ ಮಾಡಬೇಕು ಅಂದಾನ," ಎನ್ನುತ್ತಾರೆ ಲಗಮಣ್ಣ.

"ಬಾಗಲಾ ಏನ್ ಪಾಪ ಮಾಡೈತ್ರಿ ಅಣ್ಣಾ? ಒಳಗ ಬಟ್ಟಿನಷ್ಟ ಸ್ಪ್ರಿಂಗ್ ಮುರದೈತಿ. ಫ್ಯಾಕ್ಟರಿ ಬೂದಿ ಹೋಗಿ ಕುಂತೈತಿ. ಅದರ ಮ್ಯಾಲ ಯಾರೋ ಶೇಂಗಾ ಎಣ್ಣಿ ಬಿಟ್ಟಾರ."

"ನಾನ ಬಿಟ್ಟೇನವಾ," ಎಂದು ಗೌರಾಬಾಯಿ ಸೆರಗನ್ನು ಬಾಯಿಗೆ ಹಿಡಿದು ನಗುತ್ತಾರೆ.

ಸಪನಾ ಹಿಡಿಕೆ ಬಿಚ್ಚಿ, ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಸಂದಿಯಲ್ಲಿ ತೂರಿಸಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಹುಡುಕುತ್ತಾರೆ. ಒಳಗೆಲ್ಲೋ ಟಕ್ ಎನ್ನುತ್ತದೆ. ಬಾಗಿಲು ತೆರೆದುಕೊಂಡು ಸಗಣಿಯ ವಾಸನೆ, ತಂಪು ಗಾಳಿ ಒಟ್ಟಿಗೇ ಒಳಗೆ ಬರುತ್ತವೆ. ಗೌರಾಬಾಯಿ ಆಗಲೇ ಕೊಟ್ಟಿಗೆಯ ದಾರಿ ಹಿಡಿದಿದ್ದಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಉದ್ದಗಲಕ್ಕೂ ಈಗ ಇಂಥ ಬಾಗಿಲು, ಕಿಟಕಿಗಳಿವೆ. ಕಬ್ಬು, ದ್ರಾಕ್ಷಿಯ ದುಡ್ಡಲ್ಲಿ ಎದ್ದ ಮನೆಗಳಿಗೆ ಮೊದಲು ಬಂದವು, ಆಮೇಲೆ ಆಸ್ಪತ್ರೆ, ಶಾಲೆ, ಬ್ಯಾಂಕುಗಳಿಗೆ. ಹಂಗಾಮು ಶುರುವಾದರೆ ಹಾಡು ಹಚ್ಚಿಕೊಂಡು ಸಾಲುಗಟ್ಟುವ ಕಬ್ಬಿನ ಟ್ರ್ಯಾಕ್ಟರುಗಳ ಗದ್ದಲ, ಸಕ್ಕರೆ ಕಾರ್ಖಾನೆಯ ಕರಿಬೂದಿ, ಎರಡಕ್ಕೂ ಇದೇ ಮದ್ದು ಎಂದು ಮಾರುವವರಿಗೆ ಬರವಿಲ್ಲ. ಕೆಟ್ಟಾಗ ಬರುವವರು ಮಾತ್ರ ಯಾರೂ ಇಲ್ಲ. ಕರೆದರೆ 'ಪೂರ್ತಿ ಬದಲಿಸಿ' ಎನ್ನುವ ಒಂದೇ ಉತ್ತರ. ತಮ್ಮೂರು ಭೋಜದಿಂದ ಹಳೆಯ ಸ್ಕೂಟರಿನಲ್ಲಿ ಹೊರಡುವ ಸಪನಾ ಒಬ್ಬರೇ ದಿನಕ್ಕೆ ನಾಲ್ಕೈದು ಮನೆ ಮುಟ್ಟಿ, ಅರ್ಧ ಜಿಲ್ಲೆಯ ಸಿಕ್ಕಿಬಿದ್ದ ಬಾಗಿಲುಗಳನ್ನು ತೆರೆಯುತ್ತಾರೆ. ಅವರ ಹೆಸರು ಪತ್ರಿಕೆಯಲ್ಲಿ ಬಂದದ್ದು ಒಂದೇ ಸಲ. ಅದೂ ಅವರು ಮಾಡದ ತಪ್ಪಿಗೆ.

ಸಪನಾ ಈ ಕೆಲಸ ಕಲಿತದ್ದು ಗಡಿಯಾಚೆ, ಕೊಲ್ಹಾಪುರದ ಕಡೆಯ ಕಿಟಕಿ ತಯಾರಿಸುವ ಘಟಕದಲ್ಲಿ. ಮದುವೆಯಾದ ಹೊಸತರಲ್ಲಿ ಚೌಕಟ್ಟಿಗೆ ಲಾಕ್ ಕೂರಿಸುವ ಪಾಳಿಗೆ ಸೇರಿದರು. ಘಟಕ ಮುಚ್ಚಿದಾಗ ಜೊತೆಯವರು ಬೇರೆ ಬೇರೆ ಕೆಲಸ ಹುಡುಕಿ ಹೋದರು. ಸಪನಾ ಮಾತ್ರ ನಿಪ್ಪಾಣಿಯ ಬೀದಿಗಳಲ್ಲಿ ತಲೆಯೆತ್ತಿ ಮಹಡಿಗಳನ್ನು ನೋಡುತ್ತ ನಡೆದರಂತೆ. "ಎಲ್ಲಾ ಕಿಡಕಿ ನಮ್ಮವ ಅನಸ್ತಿದ್ದುವು. ಇವನ್ನ ಹುಟ್ಟಿಸೂದು ಗೊತ್ತೈತಿ, ಬ್ಯಾನಿ ಬಂದ್ರ ನೋಡೂದು ಯಾಕ ಆಗಂಗಿಲ್ಲ ಅಂತ ಚಾಲೂ ಮಾಡಿದ್ನಿ."

ಗಂಡ ಸಂಗ್ರಾಮ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. "ಅವರು ಸದ್ದ ಮಾಡ್ತಾರು, ನಾ ಸದ್ದ ಬರಲಾರದಂಗ ಮಾಡ್ತೀನಿ," ಎಂದು ಸಪನಾ ನಗುತ್ತಾರೆ. ಹೆಣ್ಣುಮಗಳು ಪಾನಾ, ಸ್ಕ್ರೂಡ್ರೈವರ್ ಹಿಡಿದು ಊರೂರು ತಿರುಗುವುದೇ ಎಂದು ಆಡಿಕೊಂಡವರಿಗೆ ಉತ್ತರ ಕೊಟ್ಟವರು ಅತ್ತೆ ಅಕ್ಕುತಾಯಿ. ತಂಬಾಕಿನ ವಖಾರದಲ್ಲಿ ದುಡಿದು ಕೆಮ್ಮು ಹತ್ತಿಸಿಕೊಂಡ ಹೆಂಗಸು. ಬಾಗಿಲಲ್ಲಿ ನಿಂತು, "ನನ್ನ ಸೊಸಿ ಕೀಲಿ ತೆಗಿತಾಳ. ನಿಮ್ಮ ಬಾಯಿಗಿ ಹಾಕಾಕೂ ಬರತೈತಿ ಆಕಿಗೆ," ಎಂದಿದ್ದರಂತೆ.

ಇನ್ನು ಪತ್ರಿಕೆಯಲ್ಲಿ ಹೆಸರು ಬರಲು ಕಾರಣವಾದ ಹಾಸ್ಟೆಲಿನ ಸಂಗತಿ. ಅಥಣಿ ತಾಲ್ಲೂಕಿನ ಒಂದು ಖಾಸಗಿ ನರ್ಸಿಂಗ್ ಶಾಲೆಯ ಹಾಸ್ಟೆಲ್ ಅದು. ರಸ್ತೆಗೆ ಮುಖಮಾಡಿದ ಮಹಡಿ, ಸಾಲು ಸಾಲು ಎರಡು ಗಾಜಿನ ಕಿಟಕಿಗಳು. ಕಟ್ಟಡದ ಅಂದ ಕೆಡುತ್ತದೆಂದು ಕಬ್ಬಿಣದ ಸರಳು ಹಾಕಿರಲಿಲ್ಲ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸಪನಾ ಅಲ್ಲಿಯ ಕಿಟಕಿಗಳನ್ನೆಲ್ಲ ದುರಸ್ತಿ ಮಾಡಿ, ವಾಡಿಕೆಯಂತೆ ಪ್ರತಿಯೊಂದರ ಮೂಲೆಗೆ ತಮ್ಮ ಹೆಸರು, ಫೋನ್ ನಂಬರಿನ ಚೀಟಿ ಅಂಟಿಸಿ ಬಂದಿದ್ದರು. ಆಗ ಸತ್ತಿ ಎಂಬ ಊರಿನ ಕಾಂಚನ ಎಂಬ ವಿದ್ಯಾರ್ಥಿನಿ ಪಕ್ಕದಲ್ಲೇ ನಿಂತು, ಇದು ಹೇಗೆ ಮುಚ್ಚುತ್ತದೆ, ಅದು ಯಾಕೆ ತಿರುಗುತ್ತದೆ ಎಂದು ಕೇಳುತ್ತಲೇ ಇದ್ದಳು. ಸಪನಾ ಹಿಡಿಕೆ ಬಿಚ್ಚಿ ಒಳಗಿನ ಚೌಕ ತೂತು ತೋರಿಸಿ, "ಹಿಡಿಕಿ ಬರೇ ಕೈಗೆ. ಖರೇ ಕೆಲಸಾ ಮಾಡೂದು ಈ ತೂತು," ಎಂದಿದ್ದರು.

ತಿಂಗಳಾಗಿರಲಿಲ್ಲ, ಹಾಸ್ಟೆಲಿನ ಮ್ಯಾನೇಜರ್ ಮತ್ತೆ ಕರೆಸಿದ. ಕಿಟಕಿ ಒಂದೂ ಕೆಟ್ಟಿರಲಿಲ್ಲ.

"ಹುಡಿಗ್ಯಾರು ಕಿಡಕಿ ತಗದ ರಸ್ತೆದಾಗಿನ ಹುಡುಗರ ಜೋಡಿ ಮಾತಾಡ್ತಾವು. ಹಿಡಿಕಿ ಎಲ್ಲಾ ಬಿಚ್ಚಿ ಆಫೀಸಿನ್ಯಾಗ ಇಟ್ಟ ಹೋಗು."

"ಬೆಂಕಿ-ಗಿಂಕಿ ಬಿದ್ರ ಹೆಂಗ್ರಿ ಸಾಹೇಬ್ರ?"

"ಬೆಂಕಿ ಯಾಕ ಬೀಳತೈತಿ? ಇದು ಮರ್ಯಾದಿ ಪ್ರಶ್ನೆ ಐತಿ. ನಿನ್ನ ಕೆಲಸ ರಿಪೇರಿ. ಶಾಣ್ಯಾತನ ಬ್ಯಾಡ."

"ರಿಪೇರಿ ಅಂದ್ರ ತೆರಿಯಂಗ ಮಾಡೂದ್ರಿ. ಇದು ರಿಪೇರಿ ಅಲ್ಲ. ನಾ ಮಾಡಂಗಿಲ್ಲ."

ಮಾತು ಏರಿತು. ಇನ್ನು ಈ ಸಂಸ್ಥೆಯ ಯಾವ ಕಟ್ಟಡಕ್ಕೂ ಕಾಲಿಡಬೇಡ ಎಂದು ಆತ ಗದರಿದ. ಸಪನಾ ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿಯುತ್ತ, ಅಡುಗೆಮನೆಯವರೆಗೂ ಕೇಳುವಂತೆ ಕೂಗಿದರು: "ಕೂಸುಗೋಳ್ನ ಡಬ್ಬ್ಯಾಗ ಹಾಕಿ ಮುಚ್ಚೂ ಕೆಲಸ ನಾ ಮಾಡಂಗಿಲ್ಲ!"

ಸಪನಾ ಒಲ್ಲೆ ಎಂದರೆ ಲೋಕದ ಕೆಲಸ ನಿಲ್ಲುತ್ತದೆಯೇ? ಮರುವಾರ ಬೇರೆಯವನೊಬ್ಬ ಬಂದು ಹಿಡಿಕೆಗಳನ್ನೆಲ್ಲ ಕಿತ್ತು ಡಬ್ಬಕ್ಕೆ ತುಂಬಿ ಆಫೀಸಿಗೆ ಕೊಟ್ಟು ಹೋದ. ಮೂಲೆಯ ಚೀಟಿಗಳು ಮಾತ್ರ ಹಾಗೆಯೇ ಉಳಿದವು.

ಬೇಸಿಗೆಯ ಒಂದು ಮಧ್ಯಾಹ್ನ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿಯರು ಮಲಗಿದ್ದಾಗ, ಮೆಟ್ಟಿಲ ಬಳಿ ಪೇರಿಸಿಟ್ಟಿದ್ದ ಇನ್ವರ್ಟರ್ ಬ್ಯಾಟರಿಗಳು ಹೊತ್ತಿಕೊಂಡವು. ಬೆಂಕಿಗಿಂತ ಮೊದಲು ಹೊಗೆ ಬಂತು. ಇಳಿಯುವ ದಾರಿಯೇ ಕಾಣಲಿಲ್ಲ. ಕಿಟಕಿಗೆ ಓಡಿದರೆ ಹಿಡಿಕೆ ಇರಬೇಕಾದಲ್ಲಿ ಬರೀ ತೂತು. ಕುರ್ಚಿ ಎತ್ತಿ ಹೊಡೆದರೆ ಗಾಜು ಜಗ್ಗಲಿಲ್ಲ. ಒಳಗಿನವರು ಎಷ್ಟು ಚೀರಿದರೂ ರಸ್ತೆಯಲ್ಲಿ ಹೋಗುವವರಿಗೆ ಕೇಳಲಿಲ್ಲ. ಸದ್ದು ದಾಟಬಾರದೆಂದೇ ಮಾಡಿದ ಗಾಜಲ್ಲವೇ ಅದು!

ಕಾಂಚನಳಿಗೆ ಆ ಚೌಕ ತೂತು ನೆನಪಾಯಿತು. ಬ್ಯಾಂಡೇಜ್ ಕತ್ತರಿಸುವ ಕತ್ತರಿಯ ತುದಿಯನ್ನು ಅದಕ್ಕೆ ತೂರಿಸಿ, ಎರಡೂ ಕೈಯಲ್ಲಿ ತಿರುಗಿಸಿದಳು. ಕತ್ತರಿ ಜಾರಿ ಅಂಗೈ ಸೀಳಿತು. ಮತ್ತೆ ತೂರಿಸಿದಳು. ಕಿಟಕಿ ತೆರೆಯಿತು. ಆ ಒಂದೇ ಕಿಟಕಿಗೆ ಮಹಡಿಯ ಹುಡುಗಿಯರೆಲ್ಲ ಮುಖವೊಡ್ಡಿ ನಿಂತರು. ಎದುರಿನ ಗ್ಯಾರೇಜಿನವರು ಏಣಿ ತಂದು ಒಬ್ಬೊಬ್ಬರನ್ನೇ ಇಳಿಸಿದರು. ಕಡೆಯ ಕೋಣೆಯಲ್ಲಿ ಮಲಗಿದ್ದ ನೀಲಮ ಎಂಬ ಹುಡುಗಿಯನ್ನು ಹೊತ್ತು ತರುವಷ್ಟರಲ್ಲಿ ಆಕೆಗೆ ಪ್ರಜ್ಞೆಯಿರಲಿಲ್ಲ. ಜೀವ ಉಳಿಯಿತು. ಆದರೆ ಎದೆಗೆ ಹೊಕ್ಕ ಹೊಗೆ ಆಕೆಯನ್ನು ಬಿಟ್ಟಿಲ್ಲ. ಇಂದಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಓದು ಅರ್ಧಕ್ಕೇ ನಿಂತಿದೆ.

ಈ ಹೊಣೆ ಯಾರದು? ಮ್ಯಾನೇಜರ್ ತಡಮಾಡದೆ ಉತ್ತರ ಕೊಟ್ಟ. ದುರಸ್ತಿಯ ಹೆಂಗಸು ಹಿಡಿಕೆ ಬಿಚ್ಚಿಕೊಂಡು ಹೋದವಳು ಮರಳಿ ತಂದು ಹಾಕಲಿಲ್ಲ, ಬೇಕಾದರೆ ನೋಡಿ, ಕಿಟಕಿಯ ಮೇಲೆ ಅವಳದೇ ಹೆಸರಿದೆ, ಎಂದ. ಅಷ್ಟೇ ಸಾಕಾಯಿತು. ಮರುದಿನ ಸಪನಾರನ್ನು ಠಾಣೆಗೆ ಕರೆಸಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. 'ದುರಸ್ತಿ ಮಹಿಳೆಯ ಬೇಜವಾಬ್ದಾರಿ' ಎಂದು ಪತ್ರಿಕೆಯೊಂದು ಬರೆಯಿತು. ಅವರಿಗೊಂದು ಫೋನ್ ಮಾಡಿ ಕೇಳುವ ಸೌಜನ್ಯ ಆ ವರದಿಗಾರನಿಗೆ ಇರಲಿಲ್ಲ. ನಂಬರು ಪ್ರತಿ ಕಿಟಕಿಯ ಮೇಲೂ ಇತ್ತಲ್ಲ!

ಕರೆಗಳು ನಿಂತವು. ಕೆಲಸ ಒಪ್ಪಿಸಿದ್ದವರೂ ಬೇಡವೆಂದರು. ಕಾಗವಾಡದ ಮನೆಯೊಂದರಲ್ಲಿ ಅರ್ಧ ಮಾಡಿದ ಕೆಲಸ ಬಿಡಿಸಿ, ಗೇಟಿನಾಚೆ ಚೀಲ ತಂದಿಟ್ಟರು. "ಬಿಟ್ಟಬಿಡು, ಬ್ಯಾರೇ ಏನರ ಮಾಡೂಣು," ಎಂದರು ಸಂಗ್ರಾಮ. ಅತ್ತೆ ಅಕ್ಕುತಾಯಿ ಮಗನನ್ನೇ ಬೈದರು: "ಆಕಿ ಬಿಟ್ರ, ಆಕಿನ ಮಾಡ್ಯಾಳ ಅಂತ ಆಕ್ಕೈತಿ." ಸೊಸೆಯ ಕಡೆ ತಿರುಗಿ, "ಬಿಡಬ್ಯಾಡವಾ," ಎಂದರು.

ಬಾಯಿ ತೆರೆದವರು ಇಬ್ಬರು. ಒಬ್ಬಳು ಅಂಗೈಗೆ ಹೊಲಿಗೆ ಹಾಕಿಸಿಕೊಂಡಿದ್ದ ಕಾಂಚನ. ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಬೆದರಿಕೆಗೆ ಹೆದರದೆ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ನಿಂತಳು. ಇನ್ನೊಬ್ಬರು ಹಾಸ್ಟೆಲಿನ ಅಡುಗೆಯ ತುಳಸವ್ವ. ಅವರು ಹೇಳಿದ್ದು ಇಷ್ಟು: "ಆಕಿ ತೆಗಿಯಂಗಿಲ್ಲ ಅಂತ ಒದರಿ ಹೋಗ್ಯಾಳ್ರಿ, ನಾ ರೊಟ್ಟಿ ಬಡಿಯಾಕತ್ತಿದ್ನಿ, ಕೇಳೇನಿ. ಹಿಡಿಕಿ ಕಿತ್ತಾವ ಬ್ಯಾರೇ ಗಂಡಸ. ಅವಗ ನಾನ ಚಾ ಕೊಟ್ಟೇನಿ. ಇವರೇ ಎದುರಿಗೆ ನಿಂತ ಕೀಳಿಸ್ಯಾರ." ತುಳಸವ್ವನ ಬೆರಳು ಮ್ಯಾನೇಜರನ ಕಡೆಗಿತ್ತು. ಮರುದಿನ ಅವರನ್ನು ಕೆಲಸದಿಂದ ತೆಗೆದರು.

ಮತ್ತೆ ಠಾಣೆಗೆ ಕರೆಸಿ ಅದೇ ಬೆಂಚಿನ ಮೇಲೆ ಕೂರಿಸಿದ್ದ ಸಪನಾಗೆ ಪೊಲೀಸರು, "ಆಯ್ತವಾ, ನಿಂದೇನಿಲ್ಲ, ಹೋಗು," ಎಂದರು. ಸಪನಾ ಏಳಲಿಲ್ಲ.

"ಹೋಗಂದ್ರ ಹೋಗಂಗಿಲ್ರಿ. ಕೂಡ್ಸುವಾಗ ಎಲ್ಲಾರ ಮುಂದ ಕೂಡ್ಸೀರಿ. ನಂದ ತಪ್ಪಿಲ್ಲಂತ ಎಲ್ಲಾರ ಮುಂದ ಹೇಳ್ರಿ."

ಕೊನೆಗೆ ಹಿರಿಯ ಪೇದೆಯೊಬ್ಬರು ಎದ್ದು ನಿಂತು, ಅಲ್ಲಿದ್ದ ಜನಕ್ಕೆಲ್ಲ ಕೇಳುವಂತೆ ಹೇಳಿದರು: "ಈ ಹೆಣಮಗಳದ ಏನೂ ತಪ್ಪಿಲ್ಲ." ಆಮೇಲೆಯೇ ಸಪನಾ ಬೆಂಚು ಬಿಟ್ಟೆದ್ದದ್ದು. ಆದರೆ ಪತ್ರಿಕೆ ತಪ್ಪಾಯಿತೆಂದು ಒಂದು ಸಾಲು ಬರೆಯಲಿಲ್ಲ. ಪ್ರಕರಣ ಇನ್ನೂ ಎಳೆದಾಡುತ್ತಿದೆ. ಮ್ಯಾನೇಜರ್ ಅದೇ ಸಂಸ್ಥೆಯ ಇನ್ನೊಂದು ಊರಿನ ಶಾಖೆಯಲ್ಲಿ, ಅದೇ ಹುದ್ದೆಯಲ್ಲಿ, ತಣ್ಣಗಿದ್ದಾನೆ. ಅಲ್ಲಿಯೂ ಹುಡುಗಿಯರಿದ್ದಾರೆ, ಅಲ್ಲಿಯೂ ಕಿಟಕಿಗಳಿವೆ.

ಹುಡುಗಿಯರ ತಂದೆತಾಯಿ ಗೇಟಿನ ಮುಂದೆ ಕೂತು ಪಟ್ಟು ಹಿಡಿದ ಮೇಲೆ ಸಂಸ್ಥೆ ಹಿಡಿಕೆ ಹಾಕಿಸಲು ಒಪ್ಪಿತು. ಯಾರಿಂದ ಹಾಕಿಸಬೇಕೆಂದು ಕೇಳಿದಾಗ ಹುಡುಗಿಯರು ಒಂದೇ ಹೆಸರು ಹೇಳಿದರು. ಸಪನಾ ಹೋದರು. ಸಂಸ್ಥೆಯವರ ಮುಖ ನೋಡಲಿಲ್ಲ. ಒಂದೊಂದು ಕಿಟಕಿ ಮುಗಿದಂತೆ ಆ ಕೋಣೆಯ ಹುಡುಗಿಯರನ್ನೇ ಕರೆದು, ಕಣ್ಣು ಮುಚ್ಚಿಸಿ, ಕತ್ತಲಲ್ಲಿ ತಡಕಾಡಿದಂತೆ ತಡಕಾಡಿಸಿ, ತೆರೆಯಿಸಿ ನೋಡಿದರು. ತೆರೆಯಲು ಬಾರದವರಿಗೆ ಬರುವವರೆಗೂ ಬಿಡಲಿಲ್ಲ.

ನಿಧಾನಕ್ಕೆ ಕೆಲಸ ಮರಳಿದೆ. ಅದರ ಜೊತೆಗೆ ಬೇಡದ ಕರೆಗಳೂ. ರಾಯಬಾಗದ ಒಬ್ಬ ಮಗ, ಮರೆವಿನ ತಾಯಿ ಹೊರಗೆ ಹೋಗಿಬಿಡುತ್ತಾಳೆ, ಕೋಣೆಯ ಒಳಗಿನ ಹಿಡಿಕೆ ತೆಗೆದುಬಿಡಿ ಎಂದ. ಸಪನಾ ಹಿಡಿಕೆ ತೆಗೆಯಲಿಲ್ಲ, ಬಾಗಿಲ ಮೇಲೊಂದು ಗಂಟೆ ಕಟ್ಟಿ ಬಂದರು. "ಮುದುಕಿ ಬಾಗಲಾ ತಗದ್ರ ನಿಮಗ ಕೇಳಸ್ತೈತಿ. ಎದ್ದ ಹೋಗಿ ಕೈ ಹಿಡ್ಕೊರಿ." ಬೇರೆ ಕಡೆಯಿಂದ, ಸೊಸೆಯ ಕೋಣೆಗೆ ಹೊರಗಿನಿಂದ ಮಾತ್ರ ತೆರೆಯುವ ಲಾಕ್ ಬೇಕೆಂದು ಫೋನ್ ಮಾಡಿದವನಿಗೆ ಅವರು ಏನು ಅಂದರೆಂಬುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಏಕಸಂಬಿಯಲ್ಲಿ ಬಿಸಿಲೇರಿದೆ. ಹೊಸ ಸ್ಪ್ರಿಂಗ್ ಕೂತಿದೆ, ಗೌರಾಬಾಯಿ ಕೊಟ್ಟ ಚಹಾ ಮುಗಿದಿದೆ. ಸಪನಾಗೆ ಇವತ್ತು ಇನ್ನೂ ಸತ್ತಿಯವರೆಗೆ ಹೋಗುವುದಿದೆ. ಅಲ್ಲಿ ಕಾಂಚನಳ ತಾಯಿಯ ಮನೆಯಲ್ಲಿ ನೀಲಮ ಬಂದು ಉಳಿದಿದ್ದಾಳೆ. ಪಾಸಾಗಿ ನಿಪ್ಪಾಣಿಯ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿರುವ ಕಾಂಚನ ರಜೆಯಲ್ಲಿ ಬಂದು ಗೆಳತಿಗೆ ಪಾಠ ಹೇಳಿಕೊಡುತ್ತಾಳೆ. ನಿಮಗೇನು ಆಸೆ ಎಂದು ಕೇಳಿದರೆ ಸಪನಾ ಹೇಳುವುದು ನೀಲಮಳ ಹೆಸರನ್ನೇ. "ಆ ಪೋರಿ ಮತ್ತ ಪರೀಕ್ಷಾಕ ಕುಂಡ್ರಬೇಕ್ರಿ. ದಮ್ಮ ಹತ್ತಿದ್ರೂ ಹತ್ತಲಿ, ಕುಂತ ಕುಂತ ಬರೀಲಿ. ಆಕಿ ನರ್ಸ್ ಆದ್ರ, ಆ ಹಾಸ್ಟೆಲಿನವರು ಮುಚ್ಚಿದ್ದ ಒಂದ ಬಾಗಲಾ ತೆರದಂಗ."

ನಿಮಗಾಗಿ ಏನು ಬೇಕು ಎಂದು ಮತ್ತೆ ಕೇಳಿದರೆ, ಚೀಲದ ಬಾರು ಬಿಗಿದು ಸ್ಕೂಟರಿಗೆ ನೇತುಹಾಕುತ್ತಾರೆ.

"ನನಗೇನ್ರಿ? ಆ ದಿನಾ ಹಿಡಿಕಿ ಕೀಳಾಕ ಹೂಂ ಅಂದಿದ್ರ, ಅವತ್ತ ಯಾರೂ ಏನೂ ಅಂತಿರಲಿಲ್ಲ. ಒಲ್ಲೆ ಅಂದೆ. ಅದಕ್ಕ ಇವತ್ತ ಕಣ್ಣ ತುಂಬ ನಿದ್ದಿ ಬರತೈತಿ."